ಟ್ಯಾಂಕಿನ ಉಸಿರಿಗೊಂದು ದಾರಿ

ಮೋಟಾರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕು ಹೊರನೋಟಕ್ಕೆ ಬಿಗಿಯಾಗಿ ಮುಚ್ಚಿದ ಪಾತ್ರೆಯಂತೆ ಕಂಡರೂ ಅದಕ್ಕೆ ಸದಾ ತೆರೆದಿರುವ ಒಂದು ಸಣ್ಣ ದಾರಿ ಇದ್ದೇ ಇರುತ್ತದೆ; ಏಕೆಂದರೆ ಒಂದು ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಇಳಿದರೆ ಅಷ್ಟೇ ಗಾತ್ರದ ಗಾಳಿ ಟ್ಯಾಂಕಿನೊಳಗೆ ಬರಬೇಕು, ಬಿಸಿಲಿಗೆ ಪೆಟ್ರೋಲ್ ಹಿಗ್ಗಿದರೆ ಒಳಗಿನ ಆವಿ ಹೊರಗೆ ಹೋಗಬೇಕು. ಈ ದಾರಿಗೆ ವೆಂಟ್ ಎಂದೂ, ಅದನ್ನು ಕೆಳಕ್ಕೆ ಒಯ್ಯುವ ರಬ್ಬರ್ ಕೊಳವೆಗೆ ವೆಂಟ್ ಪೈಪ್ ಅಥವಾ ಗ್ಯಾರೇಜಿನವರ ಬಾಯಲ್ಲಿ ಬ್ರೀದರ್ ಪೈಪ್ ಎಂದೂ ಹೆಸರು. ಕಿರುಬೆರಳಿನಷ್ಟೂ ದಪ್ಪವಿಲ್ಲದ ಈ ಪೈಪು ತಯಾರಕರು ಕೂರಿಸಿದ ಜಾಗದಲ್ಲಿ ಇರುವ ತನಕ ಯಾರ ಗಮನಕ್ಕೂ ಬರುವುದಿಲ್ಲ. ಮಾಲಿನ್ಯ ನಿಯಂತ್ರಣದ ಡಬ್ಬಿಯನ್ನು ಯಾರೋ ಕಳಚಿ, ಉಳಿದ ಪೈಪಿನ ತುದಿಯನ್ನು ಕೈಗೆಟುಕಿದ ಸಂದಿಯಲ್ಲಿ ತುರುಕಿಬಿಟ್ಟ ದಿನದಿಂದ ಮಾತ್ರ ಗಾಡಿಯ ಆರೋಗ್ಯ ಆ ತುದಿಯ ಮೇಲೆಯೇ ನಿಲ್ಲುತ್ತದೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುವವರು ಸೀಟು ಎತ್ತಿ, ಟ್ಯಾಂಕಿನ ಅಡಿಯಲ್ಲಿ ಕೈಯಾಡಿಸಿ ನೋಡಬೇಕಾದ ವಿಷಯಗಳಲ್ಲಿ ಇದೂ ಒಂದು.

ಹಳೆಯ ಗಾಡಿಗಳಲ್ಲಿ ಈ ವ್ಯವಸ್ಥೆ ಬಲು ಸರಳವಾಗಿತ್ತು. 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರುತ್ತಿದ್ದ ಯೆಜ್ಡಿಗಳ ಕಾಲದಲ್ಲಿ ಟ್ಯಾಂಕಿನ ಮುಚ್ಚಳದಲ್ಲೇ ಒಂದು ಸಣ್ಣ ರಂಧ್ರವಿದ್ದು, ಪೆಟ್ರೋಲ್ ತುಳುಕದಂತೆ ಒಳಗೆ ತಗಡಿನ ಅಡ್ಡಗೋಡೆ ಇಟ್ಟು, ಆವಿ ನೇರವಾಗಿ ಗಾಳಿಗೆ ಸೇರುವಂತೆ ಮಾಡಿರುತ್ತಿದ್ದರು. ಮಳೆಗಾಲದಲ್ಲಿ ಮುಚ್ಚಳದ ಮೇಲೆ ಹಾಲಿನ ಪ್ಯಾಕೆಟ್ಟಿನ ಕವರು ಹಾಕಿ ರಬ್ಬರ್ ಬ್ಯಾಂಡ್ ಬಿಗಿಯುವ ರೂಢಿ ಇಂಥ ಗಾಡಿಗಳ ಮಟ್ಟಿಗೆ ಅಪಾಯದ್ದೇ ಆಗಿತ್ತು: ನೀರು ಒಳಗೆ ಹೋಗದಂತೆ ತಡೆದ ಕವರೇ ಗಾಳಿಯನ್ನೂ ತಡೆದು, ಒಂದಷ್ಟು ದೂರ ಹೋದ ಮೇಲೆ ಎಂಜಿನ್ ತಾನಾಗಿ ನಿಲ್ಲುತ್ತಿತ್ತು, ಸವಾರ ಇಳಿದು ಕವರು ತೆಗೆದು ಮುಚ್ಚಳ ತಿರುಗಿಸಿದರೆ ಮತ್ತೆ ಹೊರಡುತ್ತಿತ್ತು. ಕಾರಣ ತಿಳಿಯದವರು ಕಾರ್ಬ್ಯುರೇಟರ್ ಬಿಚ್ಚಿ ತೊಳೆಸುತ್ತಿದ್ದರು.

ಭಾರತದಲ್ಲಿ ದ್ವಿಚಕ್ರ ವಾಹನಗಳ ಟ್ಯಾಂಕಿನ ಆವಿಗೂ ಲೆಕ್ಕ ಇಡುವ ಪದ್ಧತಿ ಬಂದದ್ದು ಬಿಎಸ್-4 (ಭಾರತ್ ಸ್ಟೇಜ್-4) ಮಾಲಿನ್ಯ ಮಾನದಂಡದೊಂದಿಗೆ. 2017ರ ಏಪ್ರಿಲ್ 1ರಿಂದ ಮಾರಾಟವಾಗುವ ಎಲ್ಲ ಹೊಸ ಗಾಡಿಗಳಿಗೂ ಅದು ಕಡ್ಡಾಯವಾಯಿತು. 2020ರ ಏಪ್ರಿಲ್ 1ರಂದು ಬಂದ ಬಿಎಸ್-6 ಆವಿಯ ಮಿತಿಯನ್ನು ಇನ್ನೂ ಬಿಗಿ ಮಾಡಿ, ಒಂದು ಪರೀಕ್ಷೆಗೆ 1.5 ಗ್ರಾಂ ಎಂದು ನಿಗದಿಪಡಿಸಿತು. ಪರೀಕ್ಷೆಯಲ್ಲಿ ಗಾಡಿಯನ್ನು ಗಾಳಿಯಾಡದ ಕೋಣೆಯೊಂದರಲ್ಲಿ ನಿಲ್ಲಿಸಿ, ಟ್ಯಾಂಕು ಬಿಸಿಯಾಗುವಾಗಲೂ ಓಡಿ ಬಂದ ಎಂಜಿನ್ ತಣಿಯುವಾಗಲೂ ಅದರಿಂದ ಎಷ್ಟು ಹೈಡ್ರೋಕಾರ್ಬನ್ ಹೊರಬಿತ್ತು ಎಂದು ಅಳೆಯುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಅಳತೆ ನಡೆಯುವುದು ಎಂಜಿನ್ ಬಂದ್ ಆಗಿರುವಾಗ. ಓಡುವ ಗಾಡಿ ಸೈಲೆನ್ಸರಿನಿಂದ ಉಗುಳುವ ಹೊಗೆ ಎಲ್ಲರಿಗೂ ಕಾಣುತ್ತದೆ. ನಿಂತ ಗಾಡಿ ಟ್ಯಾಂಕಿನಿಂದ ಬಿಡುವ ಆವಿ ಮೂಗಿಗೆ ಬಡಿದರೂ ಕಣ್ಣಿಗೆ ಕಾಣುವುದಿಲ್ಲ.

ಬೆಳಗ್ಗೆ ಏಳೆಂಟು ಗಂಟೆಗೆ ಡೊಂಬಿವಲಿ ಅಥವಾ ಕಲ್ಯಾಣ್ ಸ್ಟೇಷನ್ನಿನ ಪಕ್ಕದ ಪಾರ್ಕಿಂಗ್ ಸ್ಟ್ಯಾಂಡಿನಲ್ಲಿ ಹ್ಯಾಂಡಲ್ಲಿಗೆ ಹ್ಯಾಂಡಲ್ ತಾಗಿಸಿ ನಿಲ್ಲಿಸಿದ ಗಾಡಿಗಳು, ಲೋಕಲ್ ರೈಲು ಹತ್ತಿ ಮುಂಬಯಿಗೆ ಹೋದ ಒಡೆಯರು ಸಂಜೆ ಮರಳುವ ತನಕ ಬಿಸಿಲಿನಲ್ಲೇ ಇರುತ್ತವೆ. ಪೆಟ್ರೋಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಗಾತ್ರದ ಸಾವಿರದಲ್ಲೊಂದು ಪಾಲಿಗಿಂತ ತುಸು ಕಡಿಮೆ ಹಿಗ್ಗುತ್ತದೆ. ಆದ್ದರಿಂದ 12 ಲೀಟರ್ ಪೆಟ್ರೋಲ್ ಇರುವ ಟ್ಯಾಂಕು 15 ಡಿಗ್ರಿ ಬಿಸಿಯೇರಿದರೆ ಒಳಗಿನ ದ್ರವ ಸುಮಾರು 170 ಮಿಲಿಲೀಟರ್, ಅಂದರೆ ಎರಡು ಕಟಿಂಗ್ ಚಹಾದಷ್ಟು ಹೆಚ್ಚುತ್ತದೆ, ಮತ್ತು ಅಷ್ಟು ಜಾಗದಲ್ಲಿದ್ದ ಆವಿ ವೆಂಟಿನ ಮೂಲಕ ಹೊರದಾರಿ ಹುಡುಕುತ್ತದೆ. ಶಾಖಕ್ಕೆ ಹೊಸದಾಗಿ ಏಳುವ ಆವಿಯದು ಬೇರೆ ಲೆಕ್ಕ. ಬೆನ್ಝೀನಿನಂಥ ಕ್ಯಾನ್ಸರ್‌ಕಾರಕವೂ ಸೇರಿರುವ ಈ ಆವಿ ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳ ಜೊತೆ ಬಿಸಿಲಿನಲ್ಲಿ ಕೂಡಿದಾಗ, ನೆಲಮಟ್ಟದಲ್ಲಿ ಉಸಿರಾಟಕ್ಕೆ ಕೇಡಾದ ಓಝೋನ್ ಹುಟ್ಟುತ್ತದೆ.

ಈ ಆವಿಯನ್ನು ಹಿಡಿದಿಡಲೆಂದೇ ಇರುವುದು ಕ್ಯಾನಿಸ್ಟರ್ ಎಂಬ ಕರಿ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ತುಂಬಿರುವ ಸಕ್ರಿಯ ಇದ್ದಿಲು ಎಂದರೆ, ವಿಶೇಷವಾಗಿ ಕಾಯಿಸಿ ಅಸಂಖ್ಯ ಸೂಕ್ಷ್ಮ ರಂಧ್ರಗಳನ್ನು ಮೂಡಿಸಿದ ಇದ್ದಿಲು. ಅದರ ಒಂದು ಗ್ರಾಮಿನಲ್ಲಿ ನೂರಾರು ಚದರ ಮೀಟರ್ ಮೇಲ್ಮೈ ಅಡಗಿದ್ದು, ಪೆಟ್ರೋಲ್ ಆವಿ ಆ ಮೇಲ್ಮೈಗೆ ಅಂಟಿ ಕೂರುತ್ತದೆ. ಡಬ್ಬಿಗೆ ಮೂರು ಬಾಯಿಗಳು: ಒಂದು ಟ್ಯಾಂಕಿನಿಂದ ಬರುವ ಪೈಪಿಗೆ, ಇನ್ನೊಂದು ಹೊರಗಿನ ಗಾಳಿಗೆ, ಮೂರನೆಯದು ಎಂಜಿನ್ನಿನ ಒಳಹರಿವಿನ ಕಡೆಗೆ. ಎಂಜಿನ್ ಬಿಸಿಯಾಗಿ ಓಡತೊಡಗಿದಾಗ ಮೂರನೆಯ ದಾರಿಯ ಪರ್ಜ್ ವಾಲ್ವ್ ತೆರೆದು, ಹೊರಗಾಳಿ ಇದ್ದಿಲಿನ ಮೂಲಕ ಹಾದು, ಅಂಟಿಕೊಂಡಿದ್ದ ಆವಿಯನ್ನು ಎಬ್ಬಿಸಿಕೊಂಡು ಎಂಜಿನ್ನಿಗೆ ಹೋಗಿ ಉರಿಯುತ್ತದೆ. ಹಗಲು ಸ್ಟ್ಯಾಂಡಿನಲ್ಲಿ ಕೂಡಿಟ್ಟದ್ದನ್ನು ಸಂಜೆ ಮನೆಗೆ ಹೋಗುವಾಗ ಖರ್ಚು ಮಾಡುವ ಈ ಏರ್ಪಾಟಿನಲ್ಲಿ ಆವಿಯಾದ ಪೆಟ್ರೋಲೂ ಲೆಕ್ಕಕ್ಕೆ ಸೇರುತ್ತದೆ.

ಇಂಥ ಉಪಯುಕ್ತ ವಸ್ತುವನ್ನು ಜನ ಕಳಚುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳಿವೆ. ಕೆಲವರಿಗೆ ಅದು ಗಾಡಿಯ ಅಂದ ಕೆಡಿಸುವ ಡಬ್ಬಿ; ಕೆಲವರು ಅದನ್ನು ತೆಗೆದರೆ ಪಿಕಪ್ ಹೆಚ್ಚುತ್ತದೆಂದು ನಂಬಿದವರು, ಆದರೆ ಪೂರ್ಣ ಥ್ರಾಟಲ್ಲಿನಲ್ಲಿ ಎಂಜಿನ್ ಎಳೆಯುವ ಗಾಳಿಯ ಮುಂದೆ ಕ್ಯಾನಿಸ್ಟರಿನ ಪಾಲು ನಗಣ್ಯವಾದ್ದರಿಂದ ಆ ನಂಬಿಕೆಗೆ ಬುಡವಿಲ್ಲ; ಮೂರನೆಯ ಗುಂಪಿನವರ ಡಬ್ಬಿ ನಿಜಕ್ಕೂ ಕೆಟ್ಟಿರುತ್ತದೆ. ಕೆಡುವುದರ ಮೂಲವನ್ನು ಹಲವು ಬಾರಿ ಪೆಟ್ರೋಲ್ ಪಂಪಿನಲ್ಲೇ ಹುಡುಕಬೇಕು: ನಳಿಕೆ ತಾನಾಗಿ ನಿಂತ ಮೇಲೂ ರೌಂಡ್ ಫಿಗರ್ ಆಗಲೆಂದು ಟ್ಯಾಂಕಿನ ಕಂಠದವರೆಗೆ ತುಂಬಿಸಿದಾಗ, ಬಿಸಿಲಿಗೆ ಹಿಗ್ಗಿದ ಪೆಟ್ರೋಲ್ ದ್ರವರೂಪದಲ್ಲೇ ವೆಂಟಿಗೆ ಇಳಿದು ಕ್ಯಾನಿಸ್ಟರಿನ ಇದ್ದಿಲನ್ನು ನೆನೆಸಿಬಿಡುತ್ತದೆ. ಆವಿಯನ್ನು ಹೀರಬೇಕಾದ ಇದ್ದಿಲು ಹೀಗೆ ತೊಯ್ದ ಮೇಲೆ ಬಿಸಿ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗದು, ನಿಂತ ಗಾಡಿಯಿಂದ ಪೆಟ್ರೋಲ್ ವಾಸನೆ ಬರುತ್ತದೆ, ಇದ್ದಿಲಿನ ಕಾಳು ಪುಡಿಯಾದರೆ ಪರ್ಜ್ ವಾಲ್ವೂ ಕಟ್ಟಿಕೊಳ್ಳುತ್ತದೆ. ಇದಕ್ಕೆ ಮದ್ದು ಹೊಸ ಕ್ಯಾನಿಸ್ಟರ್ ಮತ್ತು ಕಂಠಕ್ಕಿಂತ ಕೆಳಗೇ ಪೆಟ್ರೋಲ್ ನಿಲ್ಲಿಸುವ ಅಭ್ಯಾಸ; ಆದರೆ ಗ್ಯಾರೇಜಿನಲ್ಲಿ ಡಬ್ಬಿಯನ್ನೇ ಬಿಚ್ಚಿ ಬದಿಗಿಡುವುದು ಹೆಚ್ಚು ಬೇಗ ಆಗುವ ಕೆಲಸ.

ಕಾನೂನಿನ ಮಾತನ್ನು ಇಲ್ಲಿ ತೇಲಿಸಿ ಮುಂದೆ ಹೋಗುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಒಡೆಯನಿಗೆ 182ಎ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ವಾಯುಮಾಲಿನ್ಯದ ಮಾನದಂಡ ಮೀರಿದ ವಾಹನ ಓಡಿಸುವವರಿಗೆ 190ನೆಯ ಕಲಮು ಬೇರೆಯೇ ಇದೆ. ಪಿಯುಸಿ ಕೇಂದ್ರದಲ್ಲಿ ಸೈಲೆನ್ಸರಿಗೆ ಕೊಳವೆ ಇಟ್ಟು ಅಳೆಯುವುದು ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಮಾತ್ರ. ಟ್ಯಾಂಕಿನ ಆವಿ ಆ ಯಂತ್ರಕ್ಕೆ ಕಾಣುವುದೇ ಇಲ್ಲ. ಹೀಗಾಗಿ ಥಾಣೆಯ ಎಂಎಚ್-04 ಇರಲಿ, ಕಲ್ಯಾಣ್‌ನ ಎಂಎಚ್-05 ಇರಲಿ, ನವಿ ಮುಂಬಯಿಯ ಎಂಎಚ್-43 ಇರಲಿ, ಕ್ಯಾನಿಸ್ಟರ್ ಇಲ್ಲದ ಗಾಡಿಗೂ ಪಿಯುಸಿ ಸಿಕ್ಕೀತು. ಹಾಗೆಂದು ಕಳಚಿದ್ದು ಸಕ್ರಮವಾಗದು. ರಸ್ತೆಗಿಳಿಯುವ ಬಿಎಸ್-4, ಬಿಎಸ್-6 ಗಾಡಿಗೆ ಡಬ್ಬಿಯನ್ನು ಮರಳಿ ಕೂರಿಸುವುದೇ ಸರಿಯಾದ ಕೆಲಸ. ಮುಂದೆ ಹೇಳುವ ಪೈಪಿನ ವಿಚಾರ ಅನ್ವಯಿಸುವುದು ರೇಸ್ ಟ್ರ್ಯಾಕಿಗೆಂದೇ ಮೀಸಲಾದ ಗಾಡಿಗಳಿಗೆ, ಮೊದಲಿನಿಂದಲೂ ಬರಿಯ ವೆಂಟ್ ಪೈಪೇ ಇದ್ದ ಹಳೆಯ ಗಾಡಿಗಳಿಗೆ, ಮತ್ತು ಹಿಂದಿನ ಒಡೆಯ ಡಬ್ಬಿ ಕಿತ್ತ ಗಾಡಿಯನ್ನು ಹೊಸದು ಬರುವ ತನಕ ಸುರಕ್ಷಿತವಾಗಿ ನಿಲ್ಲಿಸಿಡಬೇಕಾದವರಿಗೆ.

ಡಬ್ಬಿ ಹೋದ ಮೇಲೆ ಅನಾಥವಾಗಿ ಉಳಿಯುವ ತುದಿಗಳು ಎರಡು, ಮತ್ತು ಅವುಗಳ ಗತಿ ಒಂದಕ್ಕೊಂದು ತೀರ ವಿರುದ್ಧ: ಎಂಜಿನ್ನಿನ ಕಡೆಯದು ಮುಚ್ಚಿರಲೇಬೇಕು, ಟ್ಯಾಂಕಿನ ಕಡೆಯದು ತೆರೆದಿರಲೇಬೇಕು. ಒಳಹರಿವಿನ ಕಡೆಯ ತೊಟ್ಟಿನಾಕಾರದ ಬಾಯಿಯನ್ನು ಮುಚ್ಚದೆ ಬಿಟ್ಟರೆ ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿ, ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ, ಐಡ್ಲಿಂಗ್ ಏರಿಳಿದು, ಥ್ರಾಟಲ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸದ್ದು ಕೇಳಿಸುತ್ತದೆ, ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ; ಅದಕ್ಕೆ ರಬ್ಬರ್ ಟೋಪಿ ಹಾಕಿ ಕ್ಲಿಪ್ಪಿನಿಂದ ಬಿಗಿಯಬೇಕು. ವಿದ್ಯುತ್ತಿನಿಂದ ಕೆಲಸ ಮಾಡುವ ಪರ್ಜ್ ವಾಲ್ವಿನ ಸಾಕೆಟ್ಟನ್ನು ಕಿತ್ತರೆ, ಗಾಡಿಯ ಕಂಪ್ಯೂಟರ್ ಆ ಜೋಡಣೆಯ ಮೇಲೆ ಕಣ್ಣಿಟ್ಟಿರುವ ಮಾದರಿಗಳಲ್ಲಿ ಮೀಟರಿನ ಎಂಜಿನ್ ದೀಪ ಹತ್ತಿಕೊಳ್ಳುತ್ತದೆ. ಈ ಎರಡು ತುದಿಗಳ ಜೊತೆಗೆ ಎಂದಿಗೂ ಕಳಚಬಾರದ ಒಂದು ಭಾಗವಿದೆ: ಗಾಡಿ ಬಿದ್ದಾಗ ವೆಂಟಿನ ಮೂಲಕ ಪೆಟ್ರೋಲ್ ಸುರಿಯದಂತೆ ತಡೆಯುವ ರೋಲ್‌ಓವರ್ ವಾಲ್ವ್. ಒಳಗಿನ ಗುಂಡು ತನ್ನ ಭಾರದಿಂದಲೇ ಜಾರಿ ದಾರಿ ಮುಚ್ಚುವುದರಿಂದ ಅದನ್ನು ತಯಾರಕರು ಇಟ್ಟ ನಿಲುವಿನಲ್ಲೇ ಇಡಬೇಕು. ಅಡ್ಡ ಮಲಗಿಸಿ ಕಟ್ಟಿದರೆ ನೆಟ್ಟಗೆ ನಿಂತ ಗಾಡಿಯಲ್ಲೂ ಅದು ಮುಚ್ಚಿಕೊಂಡೀತು.

ಟ್ಯಾಂಕಿನ ಅಡಿಯಲ್ಲಿ ಕಾಣುವ ಎಲ್ಲ ಸಣ್ಣ ಪೈಪುಗಳೂ ವೆಂಟ್ ಆಗಿರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಮುಚ್ಚಳದ ಸುತ್ತಲಿನ ತಗ್ಗಿನಲ್ಲಿ ನಿಲ್ಲುವ ಮಳೆನೀರನ್ನು ಟ್ಯಾಂಕಿನ ಮೂಲಕ ಹಾಯಿಸಿ ಕೆಳಗೆ ಬಿಡುವ ಇನ್ನೊಂದು ಕೊಳವೆ ಹಲವು ಗಾಡಿಗಳಲ್ಲಿ ಇದ್ದು, ಎರಡೂ ಒಂದೇ ದಪ್ಪದವಾಗಿರುವುದರಿಂದ ಅದಲುಬದಲಾಗುವುದುಂಟು. ಗುರುತಿಸುವ ಬಗೆ ಸುಲಭ: ಮುಚ್ಚಳ ತೆರೆದು, ಟ್ಯಾಂಕಿನ ಬಾಯೊಳಗೆ ಹನಿ ಬೀಳದಂತೆ ಬಟ್ಟೆ ತುರುಕಿ, ಸುತ್ತಲ ತಗ್ಗಿಗೆ ಒಂದು ಚಮಚ ನೀರು ಹಾಕಿದರೆ ನೀರು ಯಾವ ಪೈಪಿನಿಂದ ತೊಟ್ಟಿಕ್ಕುತ್ತದೋ ಅದು ಮಳೆನೀರಿನದು, ಉಳಿದದ್ದು ವೆಂಟಿನದು. ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಊದಿದಾಗ ಟ್ಯಾಂಕಿನೊಳಗೆ ಸದ್ದಾದರೆ ವೆಂಟ್ ತೆರೆದಿದೆ ಎಂದು ಖಾತ್ರಿಯಾಗುತ್ತದೆ. ಪೈಪಿಗೆ ಬಾಯಿ ಇಟ್ಟು ಊದುವ ಹಳೆಯ ಅಭ್ಯಾಸದಲ್ಲಿ ಪೆಟ್ರೋಲ್ ಆವಿ ಪುಪ್ಪುಸಕ್ಕೆ ಹೋಗುವುದರಿಂದ ಅದನ್ನು ಬಿಡುವುದು ಲೇಸು.

ಮುಚ್ಚಿಹೋದ ವೆಂಟ್ ಎಷ್ಟು ಬೇಗ ಎಂಜಿನ್ನನ್ನು ನಿಲ್ಲಿಸುತ್ತದೆ ಎಂಬುದಕ್ಕೆ ಸಣ್ಣದೊಂದು ಲೆಕ್ಕ ಸಾಕು. ಕಾರ್ಬ್ಯುರೇಟರ್ ಗಾಡಿಯಲ್ಲಿ ಪೆಟ್ರೋಲ್ ಇಳಿಯುವುದು ತನ್ನ ಭಾರದಿಂದ. ಟ್ಯಾಂಕಿನ ಪೆಟ್ರೋಲ್ ಮಟ್ಟ ಕಾರ್ಬ್ಯುರೇಟರಿಗಿಂತ 30 ಸೆಂಟಿಮೀಟರ್ ಮೇಲಿದ್ದರೆ ಆ ಭಾರದ ಒತ್ತಡ ಸುಮಾರು 2 ಕಿಲೋಪ್ಯಾಸ್ಕಲ್, ಅಂದರೆ ನಮ್ಮ ಸುತ್ತಲ ವಾತಾವರಣದ ಒತ್ತಡದಲ್ಲಿ ಐವತ್ತರಲ್ಲೊಂದು ಪಾಲು. ಟ್ಯಾಂಕಿನೊಳಗೆ ಒತ್ತಡ ಅಷ್ಟೇ ಅಷ್ಟು ಕುಸಿದರೂ ಹರಿವು ನಿಲ್ಲುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಯ ಜಾಗ ಕಡಿಮೆ ಇರುವುದರಿಂದ ಕುಸಿತವೂ ಬೇಗ ಆಗುತ್ತದೆ. ಡೊಂಬಿವಲಿಯಲ್ಲಿ ಫುಲ್ ಟ್ಯಾಂಕ್ ಮಾಡಿಸಿ ಹೊರಟವರ ಗಾಡಿ ಶೀಲ್ ಫಾಟಾ ಮುಟ್ಟುವ ಮೊದಲೇ ಮುಗ್ಗರಿಸಿದರೆ, ಅರ್ಧ ಟ್ಯಾಂಕಿನಲ್ಲಿ ಅದೇ ಗಾಡಿ ಇನ್ನಷ್ಟು ದೂರ ಹೋದರೆ, ಮೊದಲು ಅನುಮಾನಿಸಬೇಕಾದದ್ದು ವೆಂಟನ್ನು. ಪಂಪಿನಿಂದ ಪೆಟ್ರೋಲ್ ನೂಕುವ ಇಂಜೆಕ್ಷನ್ ಗಾಡಿಯಲ್ಲಿ ಲಕ್ಷಣ ತಡವಾಗಿ ಕಾಣಿಸಿಕೊಳ್ಳುತ್ತದೆ, ಆದರೆ ಅಷ್ಟರಲ್ಲಿ ಪಂಪು ನಿರ್ವಾತದ ವಿರುದ್ಧ ಎಳೆದೆಳೆದು ಸವೆದಿರುತ್ತದೆ.

ಪೈಪು ಹಾಯಿಸುವ ಕೆಲಸ ಟ್ಯಾಂಕಿನ ತುದಿಯಿಂದ ಆರಂಭವಾಗುತ್ತದೆ. ಟ್ಯಾಂಕನ್ನು ಬೋಲ್ಟ್ ಹಾಕಿ ಕೂರಿಸಿದಾಗ ಅದಕ್ಕೂ ಫ್ರೇಮಿಗೂ ನಡುವೆ ಪೈಪು ಜಜ್ಜಿಹೋಗುವುದೇ ಅತಿ ಸಾಮಾನ್ಯವಾದ ತಪ್ಪು. ಟ್ಯಾಂಕು ಎತ್ತಿದಾಗ ಸರಿಯಾಗಿಯೇ ಕಾಣುವ ಪೈಪು ಕೂರಿಸಿದ ಮೇಲೆ ಮಡಚಿಕೊಳ್ಳುವುದರಿಂದ, ಗಾಳಿ ಊದಿ ನೋಡುವ ಪರೀಕ್ಷೆಯನ್ನು ಕೊನೆಯ ಬೋಲ್ಟ್ ಬಿಗಿದ ಮೇಲೆ ಇನ್ನೊಮ್ಮೆ ಮಾಡಬೇಕು. ಅಲ್ಲಿಂದ ಪೈಪು ಎಲ್ಲೂ ಮೇಲೇರದೆ, ತೊಟ್ಟಿಲಿನಂತೆ ಜೋತುಬೀಳದೆ ಒಂದೇ ಸಮನೆ ಇಳಿಯಬೇಕು. ಜೋತುಬಿದ್ದ ಜಾಗದಲ್ಲಿ ಆವಿ ತಣಿದು ಹನಿಗೂಡಿ ನಿಂತು, ಆ ನಾಲ್ಕು ಹನಿಗಳೇ ಬಿರಡೆಯಾಗಿ ಗಾಳಿಯನ್ನು ತಡೆಯುತ್ತವೆ. ಸಿಲಿಂಡರಿನ ತಲೆ ಮತ್ತು ಸೈಲೆನ್ಸರ್ ಪೈಪಿನಿಂದ ದೂರವಿಟ್ಟು, ಎಂಜಿನ್ನಿನ ಹಿಂದೆ, ಸ್ವಿಂಗ್‌ಆರ್ಮ್ ತಿರುಗುವ ಕೀಲಿನ ಮುಂದೆ, ಚೈನಿನ ಎದುರು ಬದಿಯಲ್ಲಿ ಅದನ್ನು ಕೆಳಗೆ ತರುವುದು ವಾಡಿಕೆ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾಗಿದ್ದು ಕೆಳಗೇ ಹರಿದು ತಗ್ಗಿನಲ್ಲಿ ನಿಲ್ಲುವುದರಿಂದ ತುದಿ ಬ್ಯಾಟರಿ ಡಬ್ಬಿಯ ಬಳಿಯಾಗಲಿ ಸೀಟಿನಡಿಯ ಮುಚ್ಚಿದ ಜಾಗದಲ್ಲಾಗಲಿ ಕೊನೆಗೊಳ್ಳಬಾರದು, ಅಪ್ಪಿತಪ್ಪಿ ದ್ರವ ಬಂದರೂ ಹಿಂದಿನ ಟಯರಿನ ಮೇಲೆ ಬೀಳಬಾರದು. ತುದಿಯನ್ನು ಓರೆಯಾಗಿ ಕತ್ತರಿಸಿದರೆ ಯಾವುದಕ್ಕಾದರೂ ತಾಗಿಕೊಂಡಾಗಲೂ ಬಾಯಿ ಪೂರ್ತಿ ಮುಚ್ಚದು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಆ ಬಾಯಿಗೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟುವುದೂ ಉಂಟು. ಪ್ಲಾಸ್ಟಿಕ್ ಟೈ ಬಳಸುವುದಾದರೆ ಪೈಪು ಅದರೊಳಗೆ ಸರಾಗವಾಗಿ ಜಾರುವಷ್ಟು ಸಡಿಲವಿರಬೇಕು. ಬಿಗಿದ ಟೈ ಎಂದರೆ ಕತ್ತು ಹಿಸುಕಿದಂತೆಯೇ.

ಪುಸ್ತಕದ ನಿಯಮವನ್ನು ಈ ಪ್ರದೇಶದ ಮಳೆಗಾಲ ತುಸು ತಿದ್ದುತ್ತದೆ. ಪೈಪಿನ ತುದಿ ಆದಷ್ಟು ಕೆಳಗಿರಲಿ ಎಂಬುದು ಒಣ ಊರಿನ ಬುದ್ಧಿವಾದ. ಜೂನಿನಿಂದ ಸೆಪ್ಟೆಂಬರಿನ ತನಕ ಜಡಿಮಳೆ ಹೊಡೆಯುವ, ಉಲ್ಹಾಸ್ ನದಿ ಉಕ್ಕಿದರೆ ಕಲ್ಯಾಣ್‌ನ ತಗ್ಗು ರಸ್ತೆಗಳು ಮುಳುಗುವ ಕಡೆ ಅದೇ ಬುದ್ಧಿವಾದ ತಿರುಗಿ ಬೀಳುತ್ತದೆ. ಥಾಣೆ–ಬೇಲಾಪುರ ರಸ್ತೆಯಲ್ಲಿ ಅರ್ಧ ಗಂಟೆ ಓಡಿ ಎಂಜಿನ್ನಿನ ಕಾವಿಗೆ ಬೆಚ್ಚಗಾದ ಟ್ಯಾಂಕು, ಮೊಣಕಾಲುದ್ದದ ತಣ್ಣೀರಿಗೆ ಇಳಿದು ಮೇಲಿನಿಂದ ಮಳೆಗೂ ಸಿಕ್ಕಿದರೆ ಒಳಗಿನ ಆವಿ ಥಟ್ಟನೆ ಕುಗ್ಗುತ್ತದೆ. ಆಗ ವೆಂಟ್ ಹೊರಗಿನದನ್ನು ಒಳಗೆ ಎಳೆಯುತ್ತದೆ, ಮತ್ತು ತುದಿ ಮುಳುಗಿದ್ದರೆ ಅದು ಎಳೆಯಲೆತ್ನಿಸುವುದು ಗಾಳಿಯ ಬದಲು ಚರಂಡಿ ನೀರನ್ನು. ನೀರು ಟ್ಯಾಂಕಿನವರೆಗೆ ಏರದೆ ಅರ್ಧದಲ್ಲೇ ನಿಂತರೂ ಬಿರಡೆಯ ಕೆಲಸವನ್ನಂತೂ ಮಾಡುತ್ತದೆ. ಆದಕಾರಣ ಇಲ್ಲಿನ ಗಾಡಿಗೆ ಎರಡು ತುದಿಯ ಏರ್ಪಾಟು ಹೊಂದುತ್ತದೆ: ಇಳಿಯುವ ಪೈಪಿನ ಮೇಲ್ಭಾಗದಲ್ಲಿ ಒಂದು ಟೀ ಹಾಕಿ, ಅದರ ಚಿಕ್ಕ ಕವಲನ್ನು ಟ್ಯಾಂಕಿನ ಅಡಿಯಲ್ಲೇ, ಗಾಳಿಯಾಡುವ ಆದರೆ ಕಾವು ಮತ್ತು ವಿದ್ಯುತ್ ತಂತಿಗಳಿಂದ ದೂರವಾದ ಕಡೆ, ಮೊದಲು ಮೇಲೇರಿಸಿ ಬಾಯಿ ಕೆಳಗಾಗುವಂತೆ ಬಾಗಿಸಿ ಬಿಟ್ಟರೆ, ಕೆಳತುದಿ ಮುಳುಗಿದಾಗ ಟ್ಯಾಂಕು ಮೇಲಿನಿಂದ ಉಸಿರು ಎಳೆದುಕೊಳ್ಳುತ್ತದೆ. ಪೈಪು ಕೆಳಗೇ ಇಳಿಯಬೇಕೆಂಬ ನಿಯಮಕ್ಕೆ ಒಪ್ಪಬಹುದಾದ ವಿನಾಯಿತಿ ಇದೊಂದೇ. ಎಥನಾಲ್ ಬೆರೆತ ಪೆಟ್ರೋಲಿನ ಕಾಲದಲ್ಲಿ ಈ ಎಚ್ಚರಕ್ಕೆ ಹಿಂದೆಂದಿಗಿಂತ ಹೆಚ್ಚು ಬೆಲೆಯಿದೆ. ಶೇಕಡಾ 20ರ ಮಿಶ್ರಣವನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ, ಪಂಪು ಎಳೆದುಕೊಳ್ಳುವುದೂ ಅದೇ ತಳದಿಂದ.

ಪೈಪಿನ ಆಯ್ಕೆಯಲ್ಲೂ ಎಥನಾಲಿನ ಮಾತನ್ನು ನೆನಪಿಡಬೇಕು. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಪಾರದರ್ಶಕ ಪಿವಿಸಿ ಕೊಳವೆ ಕೆಲವೇ ತಿಂಗಳಲ್ಲಿ ಹಳದಿಗಟ್ಟಿ ಪೆಡಸಾಗಿ ಸೀಳುತ್ತದೆ. ಸಿಲಿಕೋನ್ ಕೊಳವೆ ಶಾಖವನ್ನು ತಾಳಿಕೊಂಡರೂ ಪೆಟ್ರೋಲ್ ಆವಿಯನ್ನು ತನ್ನ ಗೋಡೆಯ ಮೂಲಕವೇ ಸೋರಬಿಡುತ್ತದೆ. ನೈಟ್ರೈಲ್ ರಬ್ಬರಿನ ಪೆಟ್ರೋಲ್ ಪೈಪು ಸಾಮಾನ್ಯ ಬಳಕೆಗೆ ಸಾಕು. ಎಥನಾಲ್ ಮಿಶ್ರಣಕ್ಕೆ ಒಳಪದರದಲ್ಲಿ ಫ್ಲೋರೋ ರಬ್ಬರ್ ಇರುವ, ಮೈಮೇಲೆ ಎಸ್‌ಎಇ 30ಆರ್9 ಎಂದು ಅಚ್ಚಾಗಿರುವ ಪೈಪು ಮೇಲು. ಒಳವ್ಯಾಸ ಟ್ಯಾಂಕಿನ ಬಾಯಿಗೆ ಸರಿಹೊಂದಿ, ಕೈಯಿಂದ ತಿರುಚಿ ಕೂರಿಸುವಷ್ಟು ಬಿಗಿಯಿರಬೇಕು.

ಕೆಲವರು ವೆಂಟ್ ಪೈಪಿಗೆ ಏಕಮುಖ ವಾಲ್ವ್ ಹಾಕಿ, ಗಾಳಿ ಒಳಗೆ ಬರಲಿ ಆವಿ ಹೊರಗೆ ಹೋಗದಿರಲಿ ಎಂದು ಬಯಸುವುದುಂಟು. ಇದು ಕ್ಯಾನಿಸ್ಟರಿಗೆ ಬದಲಿಯಾಗದು. ಕಲ್ಯಾಣ್‌ನಿಂದ ಮುರ್ಬಾಡ್ ಹಾದು, ಮಳೆಗಾಲದ ಸವಾರರ ಅಚ್ಚುಮೆಚ್ಚಿನ ಮಾಲ್ಶೇಜ್ ಘಾಟ್ ಏರಿದರೆ, ಸುಮಾರು 700 ಮೀಟರ್ ಎತ್ತರದಲ್ಲಿ ಹೊರಗಿನ ಒತ್ತಡ ಸಮುದ್ರಮಟ್ಟಕ್ಕಿಂತ ಶೇಕಡಾ 8ರಷ್ಟು ಕಡಿಮೆಯಿರುತ್ತದೆ; ಟ್ಯಾಂಕಿನ ಗಾಳಿ ಆ ಪ್ರಮಾಣದಲ್ಲಿ ಹೊರಗೆ ಹೋಗಲೇಬೇಕು. ಹೋಗಲು ಬಿಡದಿದ್ದರೆ ಅದು ಪೆಟ್ರೋಲನ್ನೇ ಒತ್ತಿ, ಕಾರ್ಬ್ಯುರೇಟರಿನ ಸೂಜಿ ವಾಲ್ವನ್ನು ಮೀರಿಸಿ ಉಕ್ಕಿಸುತ್ತದೆ. ವಾಲ್ವ್ ಹಾಕಲೇಬೇಕೆಂದಿದ್ದರೆ ಎರಡೂ ದಿಕ್ಕಿಗೆ, ಬೇರೆ ಬೇರೆ ಒತ್ತಡದಲ್ಲಿ ತೆರೆಯುವಂಥದ್ದು ಬೇಕು.

ನಿಂತ ಗಾಡಿಯ ಆವಿ ಎಷ್ಟು ಗಂಭೀರವೆಂಬುದನ್ನು ರೈಲ್ವೆ ಪಾರ್ಸೆಲ್ ಕಚೇರಿ ಬಹಳ ಹಿಂದೆಯೇ ಅರಿತಿದೆ. ಮುಂಬಯಿ ಸುತ್ತಲಿನ ಕನ್ನಡಿಗರಲ್ಲಿ ಉಡುಪಿ, ಮಂಗಳೂರು ಕಡೆಗೆ ಬೈಕನ್ನು ರೈಲಿನಲ್ಲಿ ಕಳಿಸುವವರು ಟ್ಯಾಂಕನ್ನು ಪೂರ್ತಿ ಬರಿದು ಮಾಡಿಯೇ ಕೊಡಬೇಕೆಂಬ ನಿಯಮಕ್ಕೆ ಗೊಣಗುವುದುಂಟು. ಆದರೆ ಬರಿದಾದ ಟ್ಯಾಂಕಿನಲ್ಲೂ ಆವಿ ಉಳಿದಿರುತ್ತದೆ, ಹೊತ್ತಿಕೊಳ್ಳುವುದು ದ್ರವಕ್ಕಿಂತ ಮೊದಲು ಆವಿಯೇ. ಮುಚ್ಚಳವನ್ನು ಗಾಳಿಯಾಡುವ ಬಯಲಿನಲ್ಲಿ ಒಂದಷ್ಟು ಹೊತ್ತು ತೆರೆದಿಟ್ಟು, ಅನಂತರ ಗಾಡಿಯನ್ನು ಒಪ್ಪಿಸುವುದು ವಿವೇಕ.

ಗಾಡಿಯಿಂದ ಡಬ್ಬಿಯನ್ನು ಕಳಚಬಹುದು. ಅದು ಮಾಡುತ್ತಿದ್ದ ಕೆಲಸವನ್ನು ಕಳಚಲಾಗದು. ಟ್ಯಾಂಕು ಹಗಲು ಉಸಿರು ಬಿಡುತ್ತದೆ, ರಾತ್ರಿ ಎಳೆದುಕೊಳ್ಳುತ್ತದೆ; ಆ ಉಸಿರನ್ನು ಇದ್ದಿಲಿಗೆ ಒಪ್ಪಿಸಬೇಕೋ ಪಕ್ಕದ ಗಾಡಿಯವರ ಮೂಗಿಗೆ ಒಪ್ಪಿಸಬೇಕೋ ಎಂಬುದಷ್ಟೇ ಒಡೆಯನ ಕೈಯಲ್ಲಿರುವ ತೀರ್ಮಾನ. ತೆರೆದ ವೆಂಟ್ ಪೈಪಿನ ಗಾಡಿಯಲ್ಲಿ ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಯಾವ ಉಪಕರಣವೂ ಬೇಡ: ಗಂಟೆಗಟ್ಟಲೆ ಓಡಿಸಿದ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿ ತಿರುಗಿಸಿ ಮುಚ್ಚಳವನ್ನು ಮೆಲ್ಲಗೆ ಎತ್ತಬೇಕು. ಗಾಳಿ ಒಳಗೆ ನುಗ್ಗುವ ಸುಂಯ್ ಸದ್ದಾದರೆ ಪೈಪು ಎಲ್ಲೋ ಮಡಚಿದೆ, ಆವಿ ಹೊರಗೆ ಚಿಮ್ಮಿದರೆ ಎಲ್ಲೋ ಕಟ್ಟಿದೆ. ಏನೂ ಕೇಳಿಸದಿದ್ದರೆ ಮುಚ್ಚಳ ಹಾಕಿ ಮನೆಗೆ ಹೋಗಬಹುದು.